ಕಲ್ಲಿನ ಕೆಳಗೆ ಇಣುಕುವುದಕ್ಕೆ ವಯಸ್ಸು ಮೀರಿತೇ?

ಪ್ರಶ್ನೆ: ನನಗೆ 34 ವರ್ಷ. ನನಗೆ ಆಟಿಸಂ ಇರುವುದು ಎರಡು ವರ್ಷಗಳ ಹಿಂದೆ ತಪಾಸಣೆಯಲ್ಲಿ ಖಚಿತವಾಯಿತು. ಬಯಲು, ಕಾಡು, ನೀರಿನ ದಂಡೆ ಎಂದು ತಿರುಗಾಡುವುದೆಂದರೆ ಚಿಕ್ಕಂದಿನಿಂದಲೂ ನನಗೆ ಪ್ರಾಣ. ಆದರೆ ನನ್ನ ತಿರುಗಾಟ ಬೇರೆಯವರದರಂತಲ್ಲ. ಇರುವೆ ಸಾಲು ಕಂಡರೆ ಅದರ ಎರಡೂ ತುದಿಗಳನ್ನು ಹುಡುಕುತ್ತೇನೆ, ಕಲ್ಲೆತ್ತಿ ಕೆಳಗೆ ಇಣುಕುತ್ತೇನೆ, ಮರದ ತೊಗಟೆಯನ್ನು ಮುಟ್ಟಿ ಮೂಸುತ್ತೇನೆ. ತುಂಬಾ ಖುಷಿಯಾದಾಗ ಎರಡೂ ಕೈಗಳು ತಾವಾಗಿಯೇ ಪಟಪಟನೆ ಬಡಿದುಕೊಳ್ಳುತ್ತವೆ. ಕಳೆದ ತಿಂಗಳು ಅಕ್ಕ ಮತ್ತು ಅವಳ ಗೆಳತಿಯರ ಜೊತೆ ಹೋಗಿದ್ದಾಗ, ಒಣ ಮರಳಿನಲ್ಲಿ ಸಣ್ಣ ಆಲಿಕೆಯಂಥ ಕುಳಿಗಳನ್ನು ಕಂಡು ಅಲ್ಲೇ ಕುಳಿತುಬಿಟ್ಟೆ. ಒಬ್ಬರು ನಕ್ಕರು. ಅಕ್ಕ, “ಎಲ್ಲರ ಮುಂದೆ ಮಗುವಿನ ಹಾಗೆ ಆಡಬೇಡ” ಎಂದಳು. ಆಮೇಲೆ ಎರಡು ಬಾರಿ ಅವರ ಜೊತೆ ಹೋದಾಗ ಎಲ್ಲಿಯೂ ನಿಲ್ಲದೆ ನಡೆದು ಬಂದೆ. ಎರಡೂ ಬಾರಿ ಮರುದಿನವಿಡೀ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಏನನ್ನು ನೋಡಿದೆನೆಂದು ನೆನಪೇ ಇರಲಿಲ್ಲ. ನಾನು ಬೆಳೆದೇ ಇಲ್ಲವೇ? ಈ ಅಭ್ಯಾಸವನ್ನು ಬಿಡಬೇಕೇ, ಅಥವಾ ಅಕ್ಕನ ಜೊತೆ ಹೋಗುವುದನ್ನು ಬಿಡಬೇಕೇ? ಅಂದ ಹಾಗೆ, ಆ ಕುಳಿಯ ತಳದಲ್ಲಿದ್ದ ಹುಳು ಹಿಮ್ಮುಖವಾಗಿಯೇ ನಡೆಯುತ್ತಿತ್ತು. ಏಕೆ?

ಉತ್ತರ: ನಿಮ್ಮ ಪತ್ರ ಓದುತ್ತಾ, “ಏನನ್ನು ನೋಡಿದೆನೆಂದು ನೆನಪೇ ಇರಲಿಲ್ಲ” ಎಂಬ ಮಾತಿನ ಬಳಿ ನಾನು ಬಹಳ ಹೊತ್ತು ನಿಂತೆ. ಇರುವೆ ಸಾಲಿನ ಎರಡೂ ತುದಿಗಳನ್ನು ಹುಡುಕುವಂಥ ವ್ಯಕ್ತಿ ಎರಡು ತಿರುಗಾಟಗಳಿಂದ ಬರಿಗೈಯಲ್ಲಿ ಮರಳಿದ್ದಾರೆಂದರೆ, ಒಂದು ನಗು ಮತ್ತು ಒಂದು ಗದರಿಕೆ ನಿಮ್ಮಿಂದ ಕಿತ್ತುಕೊಂಡದ್ದು ಸಣ್ಣದಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕುಳಿತು ನೋಡುವುದನ್ನು ನೀವು ಬಿಡಬೇಕಾಗಿಲ್ಲ. ಅಕ್ಕನ ಜೊತೆ ಹೋಗುವುದನ್ನೂ ಬಿಡಬೇಕಾಗಿಲ್ಲ, ಆದರೆ ಹೇಗೆ ಹೋಗುತ್ತೀರಿ ಎಂಬುದು ಬದಲಾಗಬೇಕು.

ಅಕ್ಕ ಬಳಸಿದ ‘ಮಗುವಿನ ಹಾಗೆ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಐದು ವರ್ಷದ ಮಗುವೊಂದು ಆ ಮರಳ ಕುಳಿಯನ್ನು ಕಂಡಿದ್ದರೆ ಏನು ಮಾಡುತ್ತಿತ್ತು? ಹೆಚ್ಚಿನ ಮಕ್ಕಳು ಒಂದು ಕಡ್ಡಿಯಿಂದ ಕೆದಕಿ, ಹುಳು ಕಂಡೊಡನೆ ಕೂಗಿ, ಮುಂದಿನ ಸೋಜಿಗದ ಕಡೆಗೆ ಓಡುತ್ತಿದ್ದರು. ನೀವು ಅಲ್ಲೇ ಕುಳಿತು, ಹುಳು ಯಾವ ದಿಕ್ಕಿಗೆ ನಡೆಯುತ್ತದೆ ಎಂಬುದನ್ನು ಗಮನಿಸಿ, ಅದು ಏಕೆ ಹಾಗೆ ಎಂದು ಒಂದು ತಿಂಗಳ ಮೇಲೂ ಕೇಳುತ್ತಿದ್ದೀರಿ. ಸಂಕೋಚವಿಲ್ಲದ ಸಂತೋಷ ನಿಮಗೂ ಆ ಮಗುವಿಗೂ ಸಮಾನವಾಗಿರಬಹುದು, ಆದರೆ ಈ ಬಗೆಯ ತಾಳ್ಮೆ ದೊಡ್ಡವರದು. ಆಟಿಸಂ ಇರುವ ವಯಸ್ಕರನ್ನು ಮಕ್ಕಳೆಂದು ನಡೆಸಿಕೊಳ್ಳುವುದು ಎಷ್ಟು ವಾಡಿಕೆಯಾಗಿದೆ ಎಂದರೆ, ಪ್ರೀತಿಯಿಂದ ಆಡಿದಾಗಲೂ ಆ ಪದ ನಿಮಗೆ ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ನೋಟ ಹೀಗೆ ಒಂದೆಡೆ ನೆಟ್ಟು ನಿಲ್ಲುವುದಕ್ಕೆ ಒಂದು ವಿವರಣೆ ಇದೆ. ಡೈನಾ ಮರ್ರೆ, ಮೈಕ್ ಲೆಸ್ಸರ್ ಮತ್ತು ವೆನ್ ಲಾಸನ್ ಎಂಬ ಮೂವರು 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಮಾನೊಟ್ರೋಪಿಸಂ’ ಎಂಬ ವಿಚಾರವನ್ನು ವಿವರಿಸಿದರು. ಯಾರ ಬಳಿಯಾದರೂ ಗಮನ ಎನ್ನುವುದು ಮಿತವಾಗಿಯೇ ಇರುತ್ತದೆ. ಕೆಲವರಲ್ಲಿ ಅದು ಹಲವು ಕಾಲುವೆಗಳಲ್ಲಿ ತೆಳುವಾಗಿ ಹರಿದರೆ, ಆಟಿಸಂ ಇರುವವರಲ್ಲಿ ಒಂದೆರಡು ಕಾಲುವೆಗಳಲ್ಲೇ ಆಳವಾಗಿ ತುಂಬಿ ಹರಿಯುತ್ತದೆ ಎಂಬುದು ಅದರ ಸಾರ. ಕುಳಿಯನ್ನು ನೋಡುತ್ತಿದ್ದಾಗ ನಿಮ್ಮ ಇಡೀ ಗಮನ ಅಲ್ಲಿತ್ತು, ಅದಕ್ಕೇ ಹುಳುವಿನ ನಡಿಗೆಯ ದಿಕ್ಕು ನಿಮಗೆ ಕಂಡಿತು; ಅದೇ ಕಾರಣಕ್ಕೆ, ಉಳಿದವರು ಮುಂದೆ ಸಾಗಿದ್ದು ನಿಮಗೆ ಗೊತ್ತಾಗಿರಲಿಕ್ಕಿಲ್ಲ, ಮತ್ತು ಥಟ್ಟನೆ ಎಬ್ಬಿಸಿದಾಗ ಮೈಮನಸ್ಸು ಎರಡಕ್ಕೂ ಪೆಟ್ಟು ಬಿದ್ದಂತಾಗಿರಬಹುದು. ತೊಗಟೆಯನ್ನು ಮುಟ್ಟುವುದು, ಮೂಸುವುದು ಕೂಡ ವಿಚಿತ್ರವೇನಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ಲಕ್ಷಣಗಳ ಪಟ್ಟಿಯಲ್ಲಿ, ಶಬ್ದ, ಬೆಳಕು, ಸ್ಪರ್ಶ, ವಾಸನೆಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆ ಸ್ಪಂದಿಸುವುದನ್ನೂ, ಅವುಗಳಲ್ಲಿ ವಿಶೇಷ ಆಸಕ್ತಿ ತಾಳುವುದನ್ನೂ ಸೇರಿಸಲಾಗಿದೆ. ಸಂತೆಯ ಗದ್ದಲದಲ್ಲಿ ನಿಮ್ಮನ್ನು ಹೈರಾಣಾಗಿಸುವ ಅದೇ ಸೂಕ್ಷ್ಮತೆ, ಬಯಲಿನಲ್ಲಿ ಒದ್ದೆ ಮಣ್ಣಿನ ವಾಸನೆಗೂ ಒಣ ಎಲೆಯ ಸದ್ದಿಗೂ ನಿಮ್ಮನ್ನು ತೆರೆದಿಡುತ್ತದೆ.

ಇನ್ನು ಆ ಎರಡು ದಿನಗಳ ಆಯಾಸದ ವಿಷಯ. ನಿಲ್ಲಬೇಕೆನಿಸಿದಲ್ಲೆಲ್ಲ ಕಾಲನ್ನು ಮುಂದಕ್ಕೆ ನೂಕುವುದು, ಕೈಗಳನ್ನು ಬಿಗಿಹಿಡಿಯುವುದು, ನಡೆಯುತ್ತಲೇ ಮಾತಿಗೆ ಮಾತು ಸೇರಿಸುವುದು, ಮುಖದಲ್ಲಿ ‘ಸಹಜ’ ಭಾವವನ್ನು ಉಳಿಸಿಕೊಳ್ಳುವುದು, ಇವೆಲ್ಲ ಹೊರಗಿನವರಿಗೆ ಕಾಣದ ದುಡಿಮೆ. ಆಟಿಸಂ ಇರುವವರು ತಮ್ಮ ಸ್ವಭಾವವನ್ನು ಹೀಗೆ ಮರೆಮಾಚಿಕೊಳ್ಳುವುದನ್ನು ‘ಮಾಸ್ಕಿಂಗ್’ ಎನ್ನುತ್ತಾರೆ, ಮತ್ತು ಅದು ಎಷ್ಟು ದಣಿಸುತ್ತದೆ ಎಂಬುದನ್ನು ನಿಮ್ಮಂತೆಯೇ ಹಲವರು ಹೇಳಿಕೊಂಡಿದ್ದಾರೆ. ಎರಡು ದಿನವೂ ನಿಮ್ಮ ಗಮನವೆಲ್ಲ ನಿಮ್ಮನ್ನೇ ಕಾಯುತ್ತಿತ್ತು. ಹೊರಗಿನದನ್ನು ನೋಡಲು ಏನೂ ಉಳಿಯಲಿಲ್ಲ. ಕೈಗಳು ತಾವಾಗಿಯೇ ಬಡಿದುಕೊಂಡರೆ ಬಡಿದುಕೊಳ್ಳಲಿ. ಅದರಿಂದ ಯಾರಿಗೂ ನೋವಾಗುವುದಿಲ್ಲ. ನಿಲ್ಲುತ್ತಾ ನಡೆಯಲು ಆರಂಭಿಸಿದ ಮೇಲೂ ಇಂಥ ಆಯಾಸ ವಾರಗಟ್ಟಲೆ ಉಳಿದರೆ ಮಾತ್ರ, ವಯಸ್ಕರಲ್ಲಿನ ಆಟಿಸಂ ಬಲ್ಲ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ.

ಬೆಳೆದವರು ಹೀಗೆ ನೋಡುತ್ತಾರೆಯೇ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಬಗ್ಗೆ ತಮ್ಮ ಮೊದಲ ಪ್ರಬಂಧವನ್ನು ಓದಿದ್ದು 1837ರಲ್ಲಿ. ಅದೇ ವಿಷಯದ ಪುಸ್ತಕವನ್ನು ಪ್ರಕಟಿಸಿದ್ದು 1881ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ. ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಅವರ ಮನೆಯಲ್ಲಿ ಕುಂಡದ ಹುಳುಗಳ ಎದುರು ಸೀಟಿ ಊದಿದರು, ಬಸೂನ್ ಎಂಬ ವಾದ್ಯ ನುಡಿಸಿದರು, ಪಿಯಾನೊ ಬಾರಿಸಿದರು. ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಸ್ವರ ಬಾರಿಸಿದಾಗ ಮಾತ್ರ ಅವು ಬಿಲಕ್ಕೆ ಸರಿದವು. ಅವು ಸದ್ದನ್ನು ಕೇಳುತ್ತಿರಲಿಲ್ಲ, ಕಂಪನವನ್ನು ಅರಿಯುತ್ತಿದ್ದವು. ಮುಪ್ಪಿನವರೆಗೂ ಒಂದು ಹುಳುವಿನ ಮೇಲೆ ಆಸಕ್ತಿ ಬತ್ತದ ಆ ಹಿರಿಯರನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಆದರೆ ಈ ಉದಾಹರಣೆಯನ್ನು ನಿಮ್ಮ ಪರವಾದ ಅಪ್ಪಣೆಯಂತೆ ಬಳಸಬೇಡಿ. ಆಟಿಸಂ ಇರುವವರ ಆಸಕ್ತಿಗಳನ್ನು ಸಮರ್ಥಿಸುವಾಗ, “ಇವರಿಂದ ನಾಳೆ ಏನೋ ದೊಡ್ಡ ಶೋಧ ಆಗಬಹುದು” ಎಂದು ಹೇಳುವ ರೂಢಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬೇರೆಯವರು ನಡೆಯುತ್ತಾ ಹರಟೆ ಹೊಡೆಯುವುದಕ್ಕೆ ಯಾವ ಪ್ರಯೋಜನದ ಲೆಕ್ಕವನ್ನೂ ಒಪ್ಪಿಸುವುದಿಲ್ಲ; ನೀವು ಕುಳಿತು ನೋಡುವುದಕ್ಕೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಕುಳಿಯ ಬಳಿ ಕುಳಿತ ಆ ಹೊತ್ತು ನಿಮಗೆ ಸುಖ ಕೊಟ್ಟಿತು, ನೆಮ್ಮದಿ ಕೊಟ್ಟಿತು. ಅಷ್ಟು ಸಾಕು.

ಈಗ ಅಕ್ಕನ ವಿಷಯ. ಅವರ ಮಾತು ತಪ್ಪು, ಎಲ್ಲರೆದುರು ಆಡಿದ್ದು ಇನ್ನೂ ತಪ್ಪು. ಆದರೂ ಆ ಕ್ಷಣವನ್ನು ಅವರ ಕಡೆಯಿಂದ ನೋಡಿ: ಗೆಳತಿ ನಕ್ಕಾಗ ಅವರಿಗೆ ನಿಮ್ಮ ಬಗ್ಗೆ ನಾಚಿಕೆಯೇ ಆಗಿರಬಹುದು, ಅಥವಾ ನಿಮ್ಮನ್ನು ನೋಡಿ ಇನ್ನೊಬ್ಬರು ನಗುವುದನ್ನು ತಡೆಯಲಾಗದೆ, ನಕ್ಕವರನ್ನು ಬಿಟ್ಟು ಸುಲಭವಾಗಿ ಸಿಕ್ಕ ನಿಮ್ಮನ್ನು ಗದರಿರಬಹುದು, ಜೊತೆಗೆ, ನೀವು ಎಷ್ಟು ಹೊತ್ತು ಕುಳಿತಿರುತ್ತೀರೋ ತಿಳಿಯದೆ ನಿಂತು ಕಾಯುವುದು ಅವರಿಗೆ ನಿಜವಾಗಿಯೂ ಕಷ್ಟವಾಗಿರಬಹುದು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ಆಟಿಸಂ ಇರುವವರು ಮತ್ತು ಇಲ್ಲದವರ ನಡುವೆ ಅರ್ಥವಾಗದೇ ಹೋಗುವುದು ಎರಡೂ ಕಡೆಯಿಂದ ಆಗುತ್ತದೆ, ಒಂದೇ ಕಡೆಯ ಕೊರತೆಯಿಂದಲ್ಲ. ನಿಮಗೆ ಅಕ್ಕನ ಅವಸರ ಎಷ್ಟು ಅಪರಿಚಿತವೋ, ಅಕ್ಕನಿಗೆ ನಿಮ್ಮ ನಿಲುಗಡೆ ಅಷ್ಟೇ ಅಪರಿಚಿತ. ಅದನ್ನು ನೀವು ಹೇಳದ ಹೊರತು ಅವರು ಊಹಿಸಲಾರರು.

ಮನೆಯಲ್ಲಿ ಇಬ್ಬರೇ ಇರುವಾಗ ಮಾತನಾಡಿ. ಎದುರು ಕುಳಿತು ಹೇಳುವುದು ಕಷ್ಟವಾದರೆ ಬರೆದು ಕಳುಹಿಸಿ. ಈ ಪತ್ರದಲ್ಲಿ ನೀವು ಬರೆದಷ್ಟು ಸ್ಪಷ್ಟವಾಗಿ ಬರೆದರೆ ಸಾಕು. “ಅಕ್ಕ, ನಾನು ಕುಳಿತು ನೋಡುವುದು ಆಟವಲ್ಲ, ನನಗೆ ನೋಡಲು ಬರುವುದೇ ಹಾಗೆ. ಅದನ್ನು ತಡೆಹಿಡಿದುಕೊಂಡು ನಡೆದ ಎರಡು ಸಲವೂ ಮರುದಿನ ನಾನು ಏಳಲಾಗಲಿಲ್ಲ. ನೀನು ಕಾಯುವುದು ಕಷ್ಟ ಎಂದು ನನಗೂ ಗೊತ್ತು, ಅದಕ್ಕೊಂದು ದಾರಿ ಮಾಡೋಣ. ಆದರೆ ಇನ್ನೊಮ್ಮೆ ಎಲ್ಲರ ಮುಂದೆ ನನ್ನನ್ನು ಮಗು ಎನ್ನಬೇಡ” ಎಂಬಷ್ಟು ನೇರವಾಗಿರಲಿ. ದಾರಿಯೆಂದರೆ, ಗೆಳತಿಯರ ಜೊತೆಗಿನ ನಡಿಗೆಯನ್ನೂ ನಿಮ್ಮ ನೋಡುವ ತಿರುಗಾಟವನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು. ಮೊದಲನೆಯದರಲ್ಲಿ ನೀವು ಒಂದೆರಡು ಕಡೆ ಹದಿನೈದು ನಿಮಿಷ ನಿಲ್ಲುತ್ತೀರಿ, ಅವರು ಮುಂದೆ ಸಾಗಿ ಗೊತ್ತುಮಾಡಿದ ಜಾಗದಲ್ಲಿ ಕಾಯುತ್ತಾರೆ ಎಂದು ಹೊರಡುವ ಮೊದಲೇ ಮಾತಾಗಿರಲಿ. ಫೋನಿನಲ್ಲಿ ಹತ್ತನೆಯ ನಿಮಿಷಕ್ಕೆ ಒಂದು ಸಲ, ಹದಿನೈದನೆಯ ನಿಮಿಷಕ್ಕೆ ಇನ್ನೊಂದು ಸಲ ಮೆಲ್ಲನೆ ಕಂಪಿಸುವಂತೆ ಅಲಾರಂ ಇಡಿ, ಏಕೆಂದರೆ ಆಳಕ್ಕಿಳಿದ ಗಮನ ಮೇಲೇಳಲು ಒಂದು ಮುನ್ಸೂಚನೆ ಬೇಕು. ಎರಡನೆಯದರಲ್ಲಿ ಯಾವ ಗಡಿಯಾರವೂ ಬೇಡ. ಒಮ್ಮೆ ಅಕ್ಕನೊಬ್ಬರನ್ನೇ ಅದಕ್ಕೆ ಕರೆಯಿರಿ, ಕೈಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಕೊಟ್ಟು, ಬಂಡೆಗೆ ಅಂಟಿದ ಕಲ್ಲುಹೂವನ್ನು ತೋರಿಸಿ. ಶಿಲೀಂಧ್ರವೂ ಪಾಚಿಯೂ ಒಂದಾಗಿ ಬಾಳುವ, ಕೆಲವು ಬಗೆಗಳಲ್ಲಿ ವರ್ಷಕ್ಕೆ ಒಂದು ಮಿಲಿಮೀಟರು ಕೂಡ ಬೆಳೆಯದ ಆ ಜೀವವನ್ನು ಹತ್ತಿರದಿಂದ ಕಂಡವರು ಬೇಗ ಎದ್ದು ಹೋಗಲಾರರು ಎಂದು ನನ್ನ ನಂಬಿಕೆ.

ಒಂಟಿಯಾಗಿ ಹೋಗುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. ಆಟಿಸಂ ಇರುವ ಹಲವರಿಗೆ ಹಸಿವು ಬಾಯಾರಿಕೆಗಳ ಸೂಚನೆ ತಡವಾಗಿ ತಿಳಿಯುತ್ತದೆ, ಆದ್ದರಿಂದ ನೀರು ಕುಡಿಯಲೆಂದೇ ಒಂದು ಅಲಾರಂ ಇರಲಿ. ಎತ್ತಿದ ಕಲ್ಲನ್ನು ಇದ್ದಂತೆಯೇ ಮೆಲ್ಲಗೆ ಮರಳಿ ಇಡಿ, ಅದರ ಕೆಳಗಿನ ತೇವವೇ ಅಲ್ಲಿನ ಜೀವಿಗಳ ಮನೆ. ಕೂದಲುಳ್ಳ ಕಂಬಳಿಹುಳುಗಳನ್ನು ಮುಟ್ಟಬೇಡಿ, ಗುರುತಿಲ್ಲದ ಅಣಬೆಯನ್ನು ನಾಲಿಗೆಗೆ ತಾಗಿಸಬೇಡಿ.

ನಿಮ್ಮಂತೆ ನೋಡುವವರು ಇನ್ನೂ ಇದ್ದಾರೆ ಎಂಬುದೂ ನಿಮಗೆ ತಿಳಿದಿರಲಿ. ಬ್ರಿಟನ್ನಿನ ಪ್ರಕೃತಿ ಕಾರ್ಯಕ್ರಮಗಳ ನಿರೂಪಕ ಕ್ರಿಸ್ ಪ್ಯಾಕಂ ತಮಗೆ ಆಟಿಸಂ ಇರುವುದನ್ನು ನಲವತ್ತು ದಾಟಿದ ಮೇಲೆ ತಿಳಿದವರು. 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಎಂಬ ತಾಣದಲ್ಲಿ ಹುಳು, ಗಿಡ, ಅಣಬೆ ಯಾವುದರ ಚಿತ್ರ ಹಾಕಿದರೂ ಗುರುತು ಹೇಳಲು ಜನ ಸಿಗುತ್ತಾರೆ. ಕೀಟ, ಪಾಚಿ, ಜೇಡಗಳನ್ನು ನೋಡಲೆಂದೇ ಹೊರಡುವ ತಂಡಗಳಲ್ಲಿ ನೂರು ಮೀಟರು ಸಾಗಲು ಒಂದು ಗಂಟೆ ಹಿಡಿದರೂ ಯಾರೂ ಕೇಳುವುದಿಲ್ಲ; ಅಲ್ಲಿ ಕುಕ್ಕರಗಾಲಿನಲ್ಲಿ ಕೂರದವರೇ ಬೇರೆಯಾಗಿ ಕಾಣುತ್ತಾರೆ.

ಉಳಿದದ್ದು ನಿಮ್ಮ ಹುಳುವಿನ ಪ್ರಶ್ನೆ. ನೀವು ಕಂಡದ್ದು ಇರುವೆಸಿಂಹದ, ಅಂದರೆ ಆಂಟ್‌ಲಯನ್ ಎಂಬ ಕೀಟದ ಮರಿಹುಳು. ಅದು ಮರಳಿನಲ್ಲಿ ಹಿಮ್ಮುಖವಾಗಿ ಸುತ್ತು ಸುತ್ತುತ್ತಾ, ಹೊಟ್ಟೆಯ ತುದಿಯನ್ನು ನೇಗಿಲಿನಂತೆ ಒಳಗೆ ತೂರಿಸುತ್ತಾ, ತಲೆಯ ಮೇಲೆ ಬಿದ್ದ ಮರಳನ್ನು ಹೊರಕ್ಕೆ ಎಸೆದು ಕುಳಿ ತೋಡುತ್ತದೆ. ಹಿಂದಕ್ಕೆ ಸರಿದೇ ಮರಳಿನೊಳಗೆ ಹುದುಗಿಕೊಳ್ಳುವಂತೆ ಅದರ ಕಾಲುಗಳೂ ಮೈಯ ಬಿರುಗೂದಲುಗಳೂ ಅಣಿಯಾಗಿವೆ, ದವಡೆಗಳು ಮಾತ್ರ ಮೇಲ್ಮುಖವಾಗಿ ತೆರೆದು ಕಾಯುತ್ತವೆ. ಕುಳಿಯ ಗೋಡೆ ಎಷ್ಟು ಕಡಿದಾಗಿರುತ್ತದೆಂದರೆ ಇರುವೆ ಕಾಲಿಟ್ಟರೆ ಮರಳು ಜಾರುತ್ತದೆ, ಹತ್ತಲು ಹೊರಟರೆ ಕೆಳಗಿನಿಂದ ಮರಳಿನ ಮಳೆಯೇ ಸುರಿಯುತ್ತದೆ. ಮುಂದೊಂದು ದಿನ ಆ ಹುಳು ಮರಳಿನ ಕಣಗಳನ್ನು ರೇಷ್ಮೆಯ ಎಳೆಯಿಂದ ಹೊಲಿದು ಗುಂಡಗಿನ ಗೂಡು ಕಟ್ಟಿಕೊಂಡು, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ, ಆದರೆ ತುದಿ ದಪ್ಪಗಿರುವ ಮೀಸೆಗಳುಳ್ಳ ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ಮುಂದಿನ ಸಲ ಅಕ್ಕನನ್ನು ಆ ಕುಳಿಗಳ ಬಳಿಗೇ ಕರೆದೊಯ್ಯಿರಿ. ಒಂದು ಒಣ ಹುಲ್ಲಿನ ಎಳೆಯಿಂದ ಕುಳಿಯ ಅಂಚನ್ನು ಮೆಲ್ಲಗೆ ತಟ್ಟಿದರೆ, ತಳದಿಂದ ಮರಳು ಚಿಮ್ಮುವುದು ಇಬ್ಬರಿಗೂ ಕಾಣಬಹುದು.