ನಾಯಿಯ ಸ್ವಭಾವ ಏಕಾಏಕಿ ಬದಲಾದರೆ: ಜಮಖಂಡಿಯ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಿಮ್ಮ ಪೋಸ್ಟ್ ರಾತ್ರಿನೇ ಓದಿದೆ. ಐದು ವರ್ಷದ ಮುಧೋಳ ಹೆಣ್ಣುನಾಯಿ. ಮೂರು ದಿನದಿಂದ ಹೊರಸಿನ ಕೆಳಗೆ ಸೇರಿಕೊಂಡಿದೆ, ಕರೆದರೆ ಬರುತ್ತಿಲ್ಲ, ರೊಟ್ಟಿ ಮೂಸಿ ಬಿಡುತ್ತಿದೆ. ನಿನ್ನೆ ಎಂಟು ವರ್ಷದ ಮಗ ಹೊಟ್ಟೆಗೆ ಕೈಹಾಕಿ ಎತ್ತಲು ಹೋದಾಗ ಗುರ್ ಅಂದು ಕೈಗೆ ಹಲ್ಲು ತಾಗಿಸಿದೆ, ಗೀರು ಬಿದ್ದಿದೆ. ಮರಿ ಇದ್ದಾಗ ಒಮ್ಮೆ ಹುಚ್ಚುನಾಯಿ ಲಸಿಕೆ ಹಾಕಿಸಿದ್ದು, ಆಮೇಲೆ ಹಾಕಿಸಿಲ್ಲ. ಒಂದೂವರೆ ತಿಂಗಳ ಹಿಂದೆ ಬೆದೆಗೆ ಬಂದಿತ್ತು. ಇಷ್ಟು ಬರೆದಿದ್ದೀರಿ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ದೃಷ್ಟಿ ತೆಗೆಸಿ ಅಂದಿದ್ದಾರೆ. ಒಬ್ಬರು ಎರಡು ಏಟು ಹಾಕಿದರೆ ಸರಿಹೋಗುತ್ತದೆ ಅಂದಿದ್ದಾರೆ. ಇನ್ನೊಬ್ಬರು, ನೀರು ಜಾಸ್ತಿನೇ ಕುಡೀತಿದೆ ಅಂತೀರಲ್ಲ, ಹಾಗಾದರೆ ಹುಚ್ಚಲ್ಲ, ಚಿಂತೆ ಬಿಡಿ ಅಂದಿದ್ದಾರೆ. ದಯವಿಟ್ಟು ಈ ಮೂರೂ ಮಾತು ಕೇಳಬೇಡಿ. ಅದರಲ್ಲೂ ಮೂರನೆಯದನ್ನು. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೊದಲು ಮಗನ ಕೈ. ಗೀರು ಬಿದ್ದ ಜಾಗವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ನಿನ್ನೆ ತೊಳೆದಿಲ್ಲ ಅಂದರೆ ಈಗಲಾದರೂ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿಣ ಏನೂ ಹಚ್ಚಬೇಡಿ. ಇವತ್ತೇ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ. ರಕ್ತ ಬರದ ಸಣ್ಣ ಗೀರಿಗೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಜಾಗಕ್ಕೇ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಇಮ್ಯುನೊಗ್ಲೋಬ್ಯುಲಿನ್ ಅನ್ನುತ್ತಾರೆ, ನೀವೇ ಬಾಯಿಬಿಟ್ಟು ಕೇಳಿ. ಲಸಿಕೆ ರಟ್ಟೆಯ ಮಾಂಸಖಂಡಕ್ಕೆ ಹಾಕಿದರೆ 0 (ಅಂದರೆ ಮೊದಲ ಲಸಿಕೆಯ ದಿನ), 3, 7, 14, 28ನೇ ದಿನ. ಚರ್ಮಕ್ಕೆ ಹಾಕಿದರೆ 0, 3, 7, 28ನೇ ದಿನ. ನಾಯಿಗೆ ಏನಾಗುತ್ತದೆ ನೋಡಿ ಆಮೇಲೆ ಹೋಗೋಣ ಅಂತ ಕಾಯಬೇಡಿ. ಲಸಿಕೆ ಶುರು ಮಾಡಿಯೇ 10 ದಿನ ನಾಯಿಯನ್ನು ನೋಡುವುದು. ಹುಚ್ಚು ಇದ್ದ ನಾಯಿ ಕಚ್ಚಿದ 10 ದಿನದೊಳಗೆ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ ಅಕ್ಕಾ.

ಈಗ ಆ ನೀರಿನ ಮಾತು. ಹುಚ್ಚುನಾಯಿ ನೀರಿಗೆ ಹೆದರುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನೀರು ಕಂಡರೆ ಗಂಟಲು ಸೆಟೆದು ಹೆದರುವುದು ಈ ರೋಗ ಬಂದ ಮನುಷ್ಯರಲ್ಲಿ. ನಾಯಿ ನೀರಿನ ಹತ್ತಿರ ಹೋಗುತ್ತದೆ, ಕುಡಿಯಲೂ ನೋಡುತ್ತದೆ. ಹಾಗಾಗಿ ನೀರು ಕುಡಿಯಿತು ಅಂತ ನೆಮ್ಮದಿ ಪಡುವ ಹಾಗಿಲ್ಲ. ನೋಡಬೇಕಾದದ್ದು ಬೇರೆ. ಬೊಗಳುವ ದನಿ ಬದಲಾಗಿದೆಯಾ? ಕೆಳದವಡೆ ಜೋತುಬಿದ್ದು ಜೊಲ್ಲು ಸೋರುತ್ತಿದೆಯಾ? ಹಿಂಗಾಲು ತೂರಾಡುತ್ತಿದೆಯಾ? ಕಲ್ಲು, ಕಟ್ಟಿಗೆ, ಸರಪಳಿ ಸುಮ್ನೆ ಕಚ್ಚುತ್ತಿದೆಯಾ? ಎಲ್ಲ ಹುಚ್ಚುನಾಯಿಯೂ ಬೀದಿ ತುಂಬಾ ಓಡಾಡಿ ಕಚ್ಚುವುದಿಲ್ಲ. ಕೆಲವು ಮಂಕಾಗಿ ಕತ್ತಲಲ್ಲಿ ಕೂತುಬಿಡುತ್ತವೆ. ಬಾಯಿ ತೆರೆದೇ ಇರುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಮನೆಯವರು ಕೈಹಾಕಿ ನೋಡುತ್ತಾರೆ. ಎಂಥ ಪ್ರೀತಿಯ ನಾಯಿ ಇರಲಿ, ಈಗ ಅದರ ಬಾಯಿಗೆ ಕೈ ಹಾಕಬೇಡಿ.

ಇಷ್ಟು ಹೇಳಿದ್ದು ಹೆದರಿಸುವುದಕ್ಕಲ್ಲ. ಹುಚ್ಚು ಇಲ್ಲದೆಯೂ ನಾಯಿ ಹೀಗೆ ಮಾಡುತ್ತದೆ. ಜಾಸ್ತಿ ಸಲ ಕಾರಣ ನೋವು.

ನಮ್ಮ ಮನೆಯದೇ ಹೇಳುತ್ತೇನೆ. ನಾವು ಮುಧೋಳ ತಾಲೂಕಿನವರು, ಅಪ್ಪನ ಕಾಲದಿಂದ ಬೇಟೆನಾಯಿ ಸಾಕಿದವರು. ನಾಲ್ಕು ವರ್ಷದ ಹಿಂದೆ ನಮ್ಮ ಗಂಡುನಾಯಿ ಚಂದ್ರ, ಕೊರಳಿಗೆ ಬೆಲ್ಟ್ ಹಾಕಲು ಹೋದ ಅಪ್ಪನ ಮೇಲೆಯೇ ಹಲ್ಲು ಕಿರಿದ. ಆರು ವರ್ಷದಲ್ಲಿ ಅವನು ಅಪ್ಪನ ಮುಂದೆ ಕಿವಿ ನಿಮಿರಿಸಿದವನಲ್ಲ. ಅಪ್ಪನಿಗೆ ಸಿಟ್ಟು ಬಂತು, ಬಾರುಕೋಲಿನಿಂದ ಎರಡು ಬಿಟ್ಟರು. ಅವನು ಕೊಟ್ಟಿಗೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಲಸಿಕೆ ಪ್ರತಿ ವರ್ಷ ಹಾಕಿಸಿದ್ದೆವು, ಆದರೂ ಎರಡು ದಿನ ಯಾರೂ ಹತ್ತಿರ ಹೋಗಲಿಲ್ಲ. ಮೂರನೇ ದಿನ ದೂರದಲ್ಲಿ ಕೂತು ಅವನು ತಿನ್ನುವುದನ್ನು ನೋಡಿದೆ. ತಲೆ ಬಲಕ್ಕೆ ವಾಲಿಸಿ ಒಂದೇ ಕಡೆ ಅಗಿಯುತ್ತಿದ್ದ. ರೊಟ್ಟಿಯ ಚೂರು ಎಡಗಡೆಯಿಂದ ಒದ್ದೆಯಾಗಿ ಕೆಳಗೆ ಬೀಳುತ್ತಿತ್ತು. ಎಡಗಣ್ಣಿನ ಕೆಳಗೆ ಹುಣಸೆಬೀಜದಷ್ಟು ಊತ. ಮೇಲಿನ ದೊಡ್ಡ ಅಗಿಯುವ ಹಲ್ಲು ಎಲುಬು ಕಡಿದು ಸೀಳಿತ್ತು, ಬೇರಿಗೆ ಕೀವು ತುಂಬಿತ್ತು. ಬೆಲ್ಟ್ ಹಾಕುವಾಗ ಅಪ್ಪನ ಮುಂಗೈ ಸರಿಯಾಗಿ ಅಲ್ಲಿಗೇ ಒತ್ತಿತ್ತು. ಹಲ್ಲು ಕಿತ್ತ ಮೇಲೆ ಒಂದು ವಾರದಲ್ಲಿ ಮೊದಲಿನ ಚಂದ್ರ. ಹೊಡೆದದ್ದಕ್ಕೆ ಅಪ್ಪ ಇವತ್ತಿಗೂ ನೊಂದುಕೊಳ್ಳುತ್ತಾರೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಹೊಡೆಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಮುಂದಿನ ಸಲ ಗುರ್ ಅನ್ನದೆ ಸೀದಾ ಕಚ್ಚುತ್ತದೆ.

ನಿಮ್ಮ ನಾಯಿಯ ವಿಷಯದಲ್ಲಿ ನನಗೆ ಹಲ್ಲಿಗಿಂತ ಜಾಸ್ತಿ ಅನುಮಾನ ಗರ್ಭಕೋಶದ ಮೇಲೆ. ಆಪರೇಷನ್ ಆಗದ ಹೆಣ್ಣುನಾಯಿ, ಬೆದೆಗೆ ಬಂದು ಒಂದೂವರೆ ತಿಂಗಳು, ಊಟ ಬೇಡ, ನೀರು ಜಾಸ್ತಿ, ಹೊಟ್ಟೆ ಮುಟ್ಟಿದರೆ ಸಿಟ್ಟು. ಗರ್ಭಕೋಶದಲ್ಲಿ ಕೀವು ತುಂಬಿದರೆ ಸರಿಯಾಗಿ ಹೀಗೇ ಇರುತ್ತದೆ. ಎಲ್ಲರಿಗೂ ಸಮಾಧಾನ ಕೊಟ್ಟ ಆ ನೀರು ಕುಡಿಯುವುದೇ ನನಗೆ ದಿಗಿಲು ಹುಟ್ಟಿಸಿದ್ದು. ಬಾಲದ ಕೆಳಗೆ ಕೀವು, ವಾಸನೆ, ಮಲಗಿದ ಗೋಣಿಚೀಲದ ಮೇಲೆ ಕಲೆ ಇದೆಯಾ ನೋಡಿ. ಇಲ್ಲದಿದ್ದರೂ ಸುಮ್ಮನಾಗಬೇಡಿ. ಬಾಯಿ ಮುಚ್ಚಿಕೊಂಡ ಗರ್ಭಕೋಶದಲ್ಲಿ ಕೀವು ಹೊರಗೆ ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಅದು ಇನ್ನೂ ಅಪಾಯ. ಸ್ಕ್ಯಾನಿಂಗ್ ಮಾಡಿದರೆ ಗೊತ್ತಾಗುತ್ತದೆ. ಮುಖ್ಯ ಚಿಕಿತ್ಸೆ ಆಪರೇಷನ್. ಇದರಲ್ಲಿ ಒಂದು ದಿನ ತಡವಾದರೂ ತಡವೇ.

ಸುಳ್ಳು ಬಸಿರೂ ಇರಬಹುದು. ಬೆದೆಯ ನಂತರ ಒಂದೂವರೆ, ಎರಡು ತಿಂಗಳಿಗೆ ಕೆಲವು ನಾಯಿ ಮರಿ ಹಾಕುವ ಹಾಗೆ ನೆಲ ಕೆರೆದು, ಮೂಲೆ ಹಿಡಿದು, ಹಳೇ ಚಪ್ಪಲಿಯನ್ನೇ ಮರಿ ಅಂತ ಕಾಯುತ್ತವೆ. ಮೊಲೆ ಊದಿ ಹಾಲೂ ಬರುತ್ತದೆ. ಅದು ತಾನಾಗೇ ಇಳಿಯುತ್ತದೆ. ಆದರೆ ಯಾವುದು ಅಂತ ನಾವು ಹೊರಸಿನ ಪಕ್ಕ ಕೂತು ತೀರ್ಮಾನ ಮಾಡಲು ಆಗುವುದಿಲ್ಲ ಅಲ್ವಾ, ಡಾಕ್ಟರ್ ನೋಡಲೇಬೇಕು.

ಮೂರನೆಯದು ಉಣ್ಣಿ ಜ್ವರ. ಕುರಿಹಟ್ಟಿ, ದನದ ಕೊಟ್ಟಿಗೆ ಸುತ್ತ ಓಡಾಡುವ ನಾಯಿಗೆ ಇದು ನಮ್ಮ ಜಿಲ್ಲೆಯಲ್ಲಿ ಕಾಣುತ್ತಲೇ ಇರುತ್ತದೆ. ಒಸಡು ಬಿಳಚಿಕೊಳ್ಳುವುದು, ಮೂಗಲ್ಲಿ ರಕ್ತ, ಉಚ್ಚೆ ಚಹಾದ ಡಿಕಾಕ್ಷನ್ ಬಣ್ಣ, ಎದ್ದು ನಿಲ್ಲಲು ಬೇಸರ. ರಕ್ತ ಪರೀಕ್ಷೆ ಮಾಡಿಸಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ, ಅಂದರೆ ಸಾಮಾನ್ಯವಾಗಿ ನಾಲ್ಕು ವಾರ, ಪೂರ್ತಿ ಕೊಡಿ. ಐದು ದಿನಕ್ಕೆ ಚುರುಕಾಯಿತು ಅಂತ ಬಿಟ್ಟರೆ ಮತ್ತೆ ಬರುತ್ತದೆ.

ವಿಷ ತಿಂದಿರುವ ಅನುಮಾನ ನನಗೆ ಕಡಿಮೆ. ಕಬ್ಬಿನ ಗದ್ದೆಯ ಕೀಟನಾಶಕ ಆಗಿದ್ದರೆ ಜೊಲ್ಲು, ನಡುಕ, ಭೇದಿ ಗಂಟೆಗಳಲ್ಲೇ ಕಾಣುತ್ತಿತ್ತು. ಆದರೆ ಕೆಲವು ಇಲಿಪಾಷಾಣ ಮೂರು ನಾಲ್ಕು ದಿನ ಬಿಟ್ಟು ಒಳಗೇ ರಕ್ತ ಸೋರಿಸುತ್ತದೆ. ಮನೆಯಲ್ಲಿ ಇಟ್ಟಿದ್ದರೆ ಆ ಪಾಕೀಟನ್ನೇ ಡಾಕ್ಟರಿಗೆ ತೋರಿಸಿ.

ಈಗ ಮಾಡಬೇಕಾದದ್ದು. ಬೇರೆ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ, ಮಗನನ್ನು ದೂರ ಇಡಿ. ನೀರಿನ ಬಟ್ಟಲನ್ನು ಕೋಲಿನಿಂದ ಸರಿಸಿ ಕೊಡಿ. ಕಿಟಕಿಯಿಂದ ಎರಡು ನಿಮಿಷ ವಿಡಿಯೋ ಮಾಡಿ: ನಡೆಯುವುದು, ನೀರು ಕುಡಿಯುವುದು, ಮಲಗಿದಾಗ ಉಸಿರು. ಮಲಗಿದ ನಾಯಿಗೆ ಉಸಿರು ನಿಮಿಷಕ್ಕೆ 30ರ ಮೇಲೆ ಹೋಗಬಾರದು. ದನದ ದವಾಖಾನೆಗೆ ಮೊದಲು ಫೋನ್ ಮಾಡಿ, ಮಗನಿಗೆ ಹಲ್ಲು ತಾಗಿದ್ದನ್ನೂ ಲಸಿಕೆ ತಪ್ಪಿದ್ದನ್ನೂ ಮುಂಚೆಯೇ ಹೇಳಿ. ಅವರು ಮನೆಗೆ ಬರುತ್ತಾರೋ, ಹೇಗೆ ತರಬೇಕೋ ಅವರೇ ಹೇಳಲಿ. ಯಾರೂ ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಏನೂ ಕೊಡಬೇಡಿ. ನಾಯಿಗೆ ಇವು ವಿಷ ಆಗಬಹುದು. ಉಣ್ಣಿಗೆ ಅಂತ ದನದ ಇಂಜೆಕ್ಷನ್ ಕೂಡ ಬೇಡ.

ಆಪರೇಷನ್ ಅಂತಾದರೆ ಒಂದು ಮಾತು ನೆನಪಿಟ್ಟು ಕೇಳಿ. ನಮ್ಮ ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್ ಥರದ ಹಳೇ ಮಂಪರು ಮದ್ದು ಕೊಟ್ಟರೆ ಇಂಥ ತೆಳು ಬೇಟೆನಾಯಿಗಳು ಬೇಗ ಏಳುವುದಿಲ್ಲ. ಡಾಕ್ಟರಿಗೆ ಗೊತ್ತಿರುತ್ತದೆ, ಆದರೂ ಯಾವ ಮದ್ದು ಕೊಡುತ್ತೀರಿ ಸರ್ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ತಳಿಯನ್ನೇ ದಿನಾ ನೋಡುವವರು ಅಲ್ಲಿದ್ದಾರೆ, ತಳಿಯ ಬಗ್ಗೆ ಸಲಹೆ ಬೇಕಾದರೆ ಅವರನ್ನು ಕೇಳಬಹುದು.

ಮಗನಿಗೆ ಮೊದಲ ಲಸಿಕೆ ಆದ ಕೂಡಲೇ ಇಲ್ಲಿ ಒಂದು ಸಾಲು ಹಾಕಿ ಅಕ್ಕಾ. ಆ ವಿಡಿಯೋವನ್ನೂ ಹಾಕಿ. ನಾನು ಸಂಜೆ ಹೊಲದಿಂದ ಬಂದು ನೋಡುತ್ತೇನೆ.