ಎಕ್ಸ್‌ಪಲ್ಸ್‌ಗೆ ಎರಡನೇ ಟ್ಯಾಂಕ್ ಯಾಕೆ, ಒಂದು ಕ್ಯಾನ್ ಸಾಕಲ್ವಾ?

ಹೀರೋ ಎಕ್ಸ್‌ಪಲ್ಸ್ 200 ಬೈಕಿನಲ್ಲಿ ಹೋಗುವಾಗ 500 ಕಿ.ಮೀ. ಬಂಕ್ ಸಿಗದ ದಾರಿ ಇದೆ, ದೊಡ್ಡ ಟ್ಯಾಂಕ್ ಹಾಕಿಸೋದಾ ಇಲ್ಲ ಹಿಂದೆ ಇನ್ನೊಂದು ಟ್ಯಾಂಕ್ ಕಟ್ಟಿ ಪೈಪ್ ಎಳೆಯೋದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ. ಐದು ಲೀಟರಿನ ಒಂದು ಗಟ್ಟಿ ಕ್ಯಾನ್ ಸಾಕು.

ಯಾಕೆ ಅಂತ ಲೆಕ್ಕ ನೋಡಿ. ನಿಮ್ಮ ಟ್ಯಾಂಕ್ 13 ಲೀಟರ್. ಅದರಲ್ಲಿ ಒಂದೂವರೆ ಲೀಟರ್ ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಿ, ಯಾಕಂದ್ರೆ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಗಾಡಿಯ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರುತ್ತದೆ, ಪೂರ್ತಿ ಖಾಲಿ ಮಾಡಿ ಓಡಿಸಿದರೆ ಅದಕ್ಕೆ ಒಳ್ಳೇದಲ್ಲ. ಉಳಿದದ್ದು 11.5. ಲೀಟರಿಗೆ 35 ಕಿ.ಮೀ. ಕೊಟ್ಟರೆ 400 ಕಿ.ಮೀ. ದಾಟುತ್ತೀರಿ. ಲಗೇಜು, ಎದುರುಗಾಳಿ, ಏರು ಎಲ್ಲ ಸೇರಿ 30ಕ್ಕೆ ಇಳಿದರೆ 345. ಅಂದ್ರೆ ಕೆಟ್ಟ ದಿನದಲ್ಲೂ ಕೊರತೆ ಐದು ಲೀಟರಿನ ಆಸುಪಾಸು. ಆದರೆ ಈ 30, 35 ಬರೀ ಉದಾಹರಣೆ. ನಿಮ್ಮ ಗಾಡಿಯದ್ದು ಎಷ್ಟು ಅಂತ ಪೂರ್ತಿ ಲಗೇಜು ಕಟ್ಟಿ, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿ. ಮೀಟರಿನ ಕಡ್ಡಿಗಳನ್ನು ನಂಬಬೇಡಿ.

ಖರ್ಚಿಲ್ಲದೆ ಸಿಗುವ ಕಿಲೋಮೀಟರ್ ಇರೋದು ಬಲಗೈಯಲ್ಲೇ. ವೇಗ 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಸಣ್ಣ ಇಂಜಿನ್ನಿಗೆ ಇದು ತುಂಬಾ ತಟ್ಟುತ್ತದೆ. ಬಂಕ್ ಇಲ್ಲದ ಕಡೆ 70-75ರಲ್ಲಿ ಹೋಗಿ. ಟೈರ್ ಗಾಳಿ, ಚೈನ್ ಹೇಗೂ ನೋಡಿರುತ್ತೀರಿ.

ಎರಡನೇ ಟ್ಯಾಂಕಿನ ಆಸೆ ನನಗೆ ಅರ್ಥ ಆಗುತ್ತೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಪೈಪು, ಜಾಯಿಂಟು, ಗಾಳಿಯಾಡುವ ದಾರಿ, ಇಷ್ಟರಲ್ಲಿ ಒಂದು ಕೈಕೊಟ್ಟರೂ ಸೋರುತ್ತದೆ, ಇಲ್ಲ ಪೆಟ್ರೋಲ್ ಇಳಿಯೋದೇ ಇಲ್ಲ. ದೊಡ್ಡ ಟ್ಯಾಂಕಾದರೆ ಪಂಪ್ ಸರಿಯಾಗಿ ಕೂರಬೇಕು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಾಗಬಾರದು. ಮೂರು ನಾಲ್ಕು ತಿಂಗಳು ಸುತ್ತುವವರಿಗೆ ಸರಿ, ಒಂದು ದಾರಿಗೋಸ್ಕರ ಇಷ್ಟೆಲ್ಲ ಯಾಕೆ?

ಕ್ಯಾನ್ ಪೆಟ್ರೋಲಿಗೆಂದೇ ಮಾಡಿದ್ದಾಗಿರಲಿ. ನೀರಿನ ಬಾಟಲಿ, ಎಣ್ಣೆ ಕ್ಯಾನ್ ಬೇಡವೇ ಬೇಡ. ಐದು ಲೀಟರ್ ಪೆಟ್ರೋಲ್ ಸುಮಾರು 3.7 ಕೆ.ಜಿ., ಟಾಪ್ ಬಾಕ್ಸ್ ಮೇಲೆ ಕಟ್ಟಿದರೆ ಹಿಂಭಾರ ಗೊತ್ತಾಗುತ್ತದೆ. ಸೈಡ್ ರ‍್ಯಾಕಿನಲ್ಲಿ ಕೆಳಗೆ, ಆದಷ್ಟು ಮುಂದೆ ಕಟ್ಟಿ. ಸೈಲೆನ್ಸರ್ ಬಲಗಡೆ ಮೇಲೆದ್ದಿದೆ, ಹಾಗಾಗಿ ಕ್ಯಾನ್ ಎಡಗಡೆಗೇ.

ತುಂಬಿಸುವಾಗ ಕ್ಯಾನ್ ಬಿಚ್ಚಿ ನೆಲದ ಮೇಲಿಡಿ. ಗಾಡಿ ಮೇಲೇ ಇಟ್ಟು ತುಂಬಿಸಿದರೆ ಸ್ಟಾಟಿಕ್ ಕಿಡಿ ಹಾರುವ ಅಪಾಯ ಇದೆ. ಕಂಠಮಟ್ಟ ತುಂಬಿಸಬೇಡಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಐದು ಲೀಟರ್ ಕ್ಯಾನಿಗೆ ನಾಲ್ಕೂವರೆ ಸಾಕು, ಮೇಲಿನ ಲೆಕ್ಕದಲ್ಲಿ ಕಮ್ಮಿ ಬೀಳೋ ಚೂರನ್ನು ವೇಗ ಇಳಿಸಿ ಸರಿದೂಗಿಸಿಕೊಳ್ಳಿ. ಕೆಲವು ಕಡೆ ಬಂಕಿನವರು ಕ್ಯಾನಿಗೆ ಹಾಕೋದೇ ಇಲ್ಲ, ಹೊರಡೋ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಇನ್ನೊಂದು ಮಾತು, ಟ್ಯಾಂಕ್ ಖಾಲಿ ಆಗೋ ತನಕ ಕ್ಯಾನ್ ಹೊತ್ತುಕೊಂಡು ಹೋಗಬೇಡಿ. ಐದು ಲೀಟರ್ ಜಾಗ ಆಯ್ತು ಅನ್ನಿಸಿದ ತಕ್ಷಣ ನೆರಳಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಾದ ಮೇಲೆ ಟ್ಯಾಂಕಿಗೆ ಸುರಿದುಬಿಡಿ. ಖಾಲಿ ಕ್ಯಾನಿನಲ್ಲೂ ಆವಿ ಇರುತ್ತದೆ, ಮುಚ್ಚಳ ಬಿಗಿಯಾಗಿರಲಿ.

ಹೊಸ ಕ್ಯಾನಿಗೆ ಮೊದಲು ನೀರು ತುಂಬಿ, ಗಾಡಿಗೆ ಕಟ್ಟಿ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸೋರಿದರೆ, ಬೆಲ್ಟ್ ಸಡಿಲ ಆದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದು ಹನಿ ನೀರೂ ಉಳಿಯದ ಹಾಗೆ ಒಣಗಿಸಿ.