ಝರಿಯ ಬಾಯಿಗೆ ಜೆಸಿಬಿ ಇಳಿಸುವ ಮುನ್ನ

ಮಾನ್ಯ ಓದುಗರೆ,

ಬೀದರ ಪ್ರಸ್ಥಭೂಮಿಯ ಅಂಚಿನ ಕೆಳಗಿರುವ ನಿಮ್ಮ ಊರಿನ ಝರಿ ಹಿಂದೆ ಬೇಸಿಗೆಯುದ್ದಕ್ಕೂ ಹರಿಯುತ್ತಿತ್ತೆಂದೂ, ಈಚೆಗೆ ಹೋಳಿ ಹುಣ್ಣಿಮೆಯ ಹೊತ್ತಿಗೇ ಬತ್ತುತ್ತಿದೆಯೆಂದೂ ಬರೆದಿದ್ದೀರಿ. ಗುಡಿಯ ಸಮಿತಿಯವರೂ ಯುವಕರ ಸಂಘದವರೂ ಸೇರಿ ವಂತಿಗೆ ಎತ್ತಿದ್ದಾರೆ. ಜೆಸಿಬಿ ತರಿಸಿ ಝರಿಯ ಬಾಯನ್ನು ಆಳ ಮಾಡುವುದು, ಕುಂಡಕ್ಕೆ ಸಿಮೆಂಟು ಹಾಕಿ ಟೈಲ್ಸ್ ಕೂರಿಸುವುದು, ಅಷ್ಟಕ್ಕೂ ನೀರು ಸಾಲದಿದ್ದರೆ ಪಕ್ಕದಲ್ಲೇ ಬೋರ್ ಕೊರೆಸುವುದು ಎಂದು ಠರಾವು ಮಾಡಿದ್ದಾರೆ. ಇದು ಸರಿಯೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಮಳೆಯೇ ಕಡಿಮೆಯಾಗಿರುವಾಗ ಇದರಲ್ಲಿ ಮನುಷ್ಯರ ತಪ್ಪೇನಿದೆ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರ: ಮೂರೂ ಬೇಡ. ಸದ್ಯಕ್ಕೆ ಆ ಹಣ ಬ್ಯಾಂಕಿನಲ್ಲೇ ಇರಲಿ. ಖರ್ಚು ಮಾಡುವ ಕಾಲ ಬಂದಾಗ ಅದನ್ನು ಝರಿಯ ಬಳಿಯಲ್ಲಲ್ಲ, ಮೇಲಿನ ಬಯಲಿನಲ್ಲಿ ಖರ್ಚು ಮಾಡಬೇಕಾಗುತ್ತದೆ.

ಬೀದರ ನಗರ ಮತ್ತು ಅದರ ಸುತ್ತಲಿನ ಎತ್ತರದ ನೆಲದ ಮೇಲ್ಪದರ ಜಂಬಿಟ್ಟಿಗೆ, ನಾವು ಕೆಂಪು ಕಲ್ಲು ಎಂದು ಕತ್ತರಿಸಿ ಗೋಡೆ ಕಟ್ಟುವ ಕಲ್ಲು. ಅದರ ಮೈತುಂಬ ತೂತುಗಳಿರುವುದರಿಂದ ಬಿದ್ದ ಮಳೆ ಬೇಗ ಒಳಗಿಳಿಯುತ್ತದೆ. ಅದರ ಕೆಳಗೆ ನೀರನ್ನು ಸುಲಭಕ್ಕೆ ಬಿಡದ ಜೇಡಿಯ ಪದರವಿದೆ, ಇನ್ನೂ ಕೆಳಗೆ ದಖ್ಖನಿನ ಕರಿಕಲ್ಲು, ಅಂದರೆ ಬಸಾಲ್ಟ್. ಇಳಿದ ನೀರು ಜೇಡಿಯ ಮೇಲೆ ತಡೆದು ನಿಂತು, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ, ಪ್ರಸ್ಥಭೂಮಿಯ ಅಂಚಿನಲ್ಲಿ ಕೆಂಪು ಕಲ್ಲು ಮುಗಿದು ಜೇಡಿ ಹೊರಗೆ ಕಾಣುವ ಕಡೆ ಝರಿಯಾಗಿ ಹೊರಬೀಳುತ್ತದೆ. ಪಾಪನಾಶದ ನೀರು, ಗುರುನಾನಕರ ಹೆಸರಿನ ಝೀರಾದ ನೀರು, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದರ್ಶನ ಪಡೆಯುವ ಝರಣಿ ನರಸಿಂಹನ ಸುರಂಗದ ನೀರು, ಎಲ್ಲಕ್ಕೂ ಈ ಕೆಂಪು ನೆಲವೇ ಆಧಾರ. ನೀವು ವರ್ಣಿಸಿರುವ ಜಾಗವನ್ನು ನೋಡಿದರೆ ನಿಮ್ಮ ಝರಿಯೂ ಇದೇ ಬಗೆಯದೆಂದು ತೋರುತ್ತದೆ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಮಾಂಜ್ರಾ ನದಿ ಬಹಳ ಕೆಳಗೆ ಉಳಿಯಿತು, ಊರು ಗುಡ್ಡದ ಮೇಲೆ ನಿಂತಿತು. ಆ ಕಾಲದವರು ಈ ನೆಲದ ಗುಣವನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಬೀದರದ ಪಕ್ಕದ ನೌಬಾದಿನ ಸುರಂಗಬಾವಿಯೇ ಸಾಕ್ಷಿ. ಇರಾನಿನ ಪದ್ಧತಿಯಂತೆ ಕೆಂಪು ಕಲ್ಲಿನೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ನೆಟ್ಟಗಿನ ಬಾವಿಗಳನ್ನು ಬಿಟ್ಟು, ಯಾವ ಯಂತ್ರವೂ ಇಲ್ಲದೆ ನೀರು ತಾನೇ ಹರಿದು ಬರುವಂತೆ ಮಾಡಿದರು. ಮೇಲಿನ ಬಯಲು ಮಳೆ ಕುಡಿಯುವವರೆಗೆ ಮಾತ್ರ ಆ ಸುರಂಗಕ್ಕೆ ನೀರು. ಸುರಂಗವನ್ನು ಗುಡಿಸಿ ಚೊಕ್ಕಟಗೊಳಿಸಿ ಅದರ ನೆತ್ತಿಯ ಮೇಲೆ ನಿವೇಶನಗಳಿಗೆ ಪರವಾನಗಿ ಕೊಡುವುದು ನಮ್ಮ ಕಾಲದ ಜಾಣತನ.

ಇನ್ನು ನಿಮ್ಮ ಠರಾವಿನ ವಿಷಯ. ಝರಿಯ ಬಾಯನ್ನು ಆಳ ಮಾಡಿದರೆ ಮೊದಲ ಕೆಲವು ವಾರ ನೀರು ಹೆಚ್ಚು ಬರುವುದು ನಿಜ, ಮತ್ತು ಆ ನೀರನ್ನು ಕಂಡು ಊರವರು ಕೆಲಸ ಕೈಗೂಡಿತೆಂದು ಹಿಗ್ಗುವುದೂ ನಿಜ. ಆದರೆ ಹೀಗೆ ಬರುವುದು ಹೊಸ ನೀರಲ್ಲ, ಏಪ್ರಿಲ್ ಮತ್ತು ಮೇ ತಿಂಗಳಿಗೆಂದು ಒಳಗೆ ಉಳಿದಿದ್ದ ನೀರು ಮುಂಚೆಯೇ ಸೋರಿಹೋಗುತ್ತಿರುತ್ತದೆ. ಜೆಸಿಬಿಯ ಹಲ್ಲು ಜೇಡಿಯ ತಳವನ್ನು ಹರಿದರಂತೂ ನೀರು ಕೆಳಗಿನ ಕರಿಕಲ್ಲಿನ ಬಿರುಕುಗಳಿಗೆ ಇಳಿದು, ಝರಿ ಇನ್ನೆಲ್ಲೋ ಏಳಬಹುದು ಅಥವಾ ಏಳದೆಯೇ ಹೋಗಬಹುದು. ಬೋರಿನ ಅಪಾಯವೂ ಇದೇ. ಕೆಂಪು ಕಲ್ಲನ್ನೂ ಜೇಡಿಯನ್ನೂ ದಾಟಿ ಕರಿಕಲ್ಲಿಗೆ ಇಳಿದ ಬೋರಿನಲ್ಲಿ ಕೇಸಿಂಗ್ ಪೈಪಿನ ಸುತ್ತ ಉಳಿಯುವ ಸಂದನ್ನು ಸಿಮೆಂಟಿನಿಂದ ಮುಚ್ಚದಿದ್ದರೆ, ಮೇಲಿನ ನೀರೆಲ್ಲ ಆ ಸಂದಿನಲ್ಲಿ ಪಾತಾಳಕ್ಕೆ ಇಳಿಯುತ್ತದೆ. ನೀರು ಬೀಳದೆ ಬಿಟ್ಟುಹೋದ ಬೋರೂ ಇದೇ ಕೆಲಸವನ್ನು ಹಗಲಿರುಳು ಮಾಡುತ್ತಿರುತ್ತದೆ. ಆದ್ದರಿಂದ ಮೇಲಿನ ಬಯಲಿನಲ್ಲಿರುವ ಬತ್ತಿದ ಬೋರುಗಳನ್ನು ಹುಡುಕಿ, ಜೇಡಿ ಮತ್ತು ಸಿಮೆಂಟು ತುಂಬಿ ಮುಚ್ಚಿಸುವುದೇ ನಿಮ್ಮ ವಂತಿಗೆಯ ಮೊದಲ ಖರ್ಚಾಗಲಿ. ಮಕ್ಕಳು ಬೀಳುವ ಭಯವೂ ತಪ್ಪುತ್ತದೆ.

ಮಳೆಯ ಪ್ರಶ್ನೆಗೆ ನಿಮ್ಮ ಊರಿನ ಲೆಕ್ಕವೇ ಉತ್ತರ ಹೇಳಬೇಕು. ಪ್ರತಿ ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಹತ್ತು ಲೀಟರಿನ ಬಕೆಟ್ಟನ್ನು ಝರಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಮೊಬೈಲಿನಲ್ಲಿ ನೋಡಿ. ಮೂರು ಸಲ ಅಳೆದು ಸರಾಸರಿ ತೆಗೆದು ಬರೆದಿಡಿ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ಅದನ್ನೂ ದಿನಾಂಕದೊಡನೆ ಬರೆಸಿ. ದೊಡ್ಡ ಮಳೆಯಾದ ಒಂದೆರಡು ದಿನಗಳಲ್ಲೇ ಹರಿವು ಏರಿ ಅಷ್ಟೇ ಬೇಗ ಇಳಿದರೆ ನೀರಿನ ದಾರಿ ಚಿಕ್ಕದು, ಒಳಗಿನ ಸಂಗ್ರಹ ಕಡಿಮೆ. ವಾರಗಟ್ಟಲೆ ತಡವಾಗಿ ಏರಿ ನಿಧಾನವಾಗಿ ಇಳಿದರೆ ಸಂಗ್ರಹ ದೊಡ್ಡದು. ಮಳೆ ಎಂದಿನಷ್ಟೇ ಬಂದ ವರ್ಷದಲ್ಲೂ ಝರಿ ಬೇಗ ಬತ್ತಿದರೆ ಮೋಡವನ್ನು ದೂರುವಂತಿಲ್ಲ.

ಎಷ್ಟು ನೆಲ ಬೇಕು ಎಂಬುದನ್ನೂ ಅಂದಾಜು ಮಾಡಬಹುದು. ಬೀದರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ ಸುಮಾರು 850 ಮಿಲಿಮೀಟರ್. ಒಂದು ಹೆಕ್ಟೇರಿನ ಮೇಲೆ ಇಷ್ಟು ಮಳೆಯೆಂದರೆ 85 ಲಕ್ಷ ಲೀಟರು. ಅದರಲ್ಲಿ ಹತ್ತನೆಯ ಒಂದು ಪಾಲು ನೆಲದೊಳಗೆ ಇಳಿಯಿತೆಂದು ಹಿಡಿದರೂ ಎಂಟೂವರೆ ಲಕ್ಷ ಲೀಟರು. ನಿಮಿಷಕ್ಕೆ 10 ಲೀಟರಿನಂತೆ ವರ್ಷಪೂರ್ತಿ ಹರಿಯುವ ಝರಿಗೆ ಬೇಕಾದದ್ದು ಸುಮಾರು 52 ಲಕ್ಷ ಲೀಟರು, ಅಂದರೆ ಆರು ಹೆಕ್ಟೇರಿನಷ್ಟು ನೆಲದ ಇಂಗಿದ ನೀರು. ಮುರಮು ಬಗೆಯುವವರೂ ಕಲ್ಲು ಕತ್ತರಿಸುವವರೂ ಲೇಔಟ್ ಮಾಡುವವರೂ ಹಂಚಿಕೊಳ್ಳುವುದಕ್ಕೆ ಆರು ಹೆಕ್ಟೇರು ದೊಡ್ಡ ಜಾಗವೇನಲ್ಲ.

ಆ ನೆಲ ಮೇಲಿನ ಊರಿನ ಸೀಮೆಗೆ ಸೇರಿದ್ದು ಎಂಬ ಒಂದು ಸಾಲು ನಿಮ್ಮ ಪತ್ರದ ಕೊನೆಯಲ್ಲಿದೆ. ನನಗೆ ಅದೇ ಪತ್ರದ ತಿರುಳಾಗಿ ಕಂಡಿತು. ನೀರು ನಿಮ್ಮದು, ನೀರಿಳಿಯುವ ಹೊಲ ಇನ್ನೊಬ್ಬರದು. ಅವರಿಗೆ ನಿಮ್ಮ ಝರಿಯಿಂದ ಒಂದು ಕೊಡ ನೀರಿನ ಲಾಭವೂ ಇಲ್ಲ. ಸಿಕ್ಕಿಂ ಸರ್ಕಾರ 2008ರಲ್ಲಿ ಆರಂಭಿಸಿದ ಧಾರಾ ವಿಕಾಸ್ ಕಾರ್ಯಕ್ರಮದಲ್ಲಿ ಝರಿಗಳ ಮೇಲಿನ ಇಳಿಜಾರಿನಲ್ಲಿ ನೀರಿಂಗಿಸುವ ಗುಂಡಿ ಮತ್ತು ಕಂದಕಗಳನ್ನು ತೋಡಲಾಯಿತು. ಅಲ್ಲಿಯ ಪರ್ವತಕ್ಕೂ ನಮ್ಮ ಬಯಲಿಗೂ ಸಾಮ್ಯವಿಲ್ಲ, ಆದರೆ ಕಲ್ಲಿನ ಪದರ ನೋಡಿ ನೀರಿನ ದಾರಿ ಗುರುತಿಸಿದ ಮೇಲೆಯೇ ಗುದ್ದಲಿ ಹಿಡಿಯುವ ಕ್ರಮ ನಮಗೂ ಅನ್ವಯಿಸುತ್ತದೆ. ಮೇಲಿನ ಊರಿನ ರೈತರ ಹೊಲಗಳಿಗೆ ಬದು ಹಾಕಿಸಿಕೊಟ್ಟರೆ ಅವರ ತೊಗರಿಗೂ ಉದ್ದಿಗೂ ತೇವ ಉಳಿಯುತ್ತದೆ, ನಿಮ್ಮ ಝರಿಗೂ ನೀರು ಇಳಿಯುತ್ತದೆ. ಹೀಗೆ ಅವರಿಗೂ ಲಾಭವಿರುವ ಕೆಲಸವನ್ನು ಮುಂದಿಟ್ಟುಕೊಂಡು, ಎರಡೂ ಗ್ರಾಮ ಪಂಚಾಯಿತಿಗಳು ಒಂದೇ ದಿನ ಕೂತು ಮಾತಾಡುವಂತೆ ಮಾಡಿ. ಗೋಮಾಳದಲ್ಲಿ ಕಂದಕ ತೋಡುವ ಕೆಲಸವನ್ನು ಉದ್ಯೋಗ ಖಾತರಿಯ ಕಾಮಗಾರಿಯಾಗಿ ಕೇಳಬಹುದು. ಕಂದಕಗಳು ಇಳಿಜಾರಿಗೆ ಅಡ್ಡಲಾಗಿರಲಿ. ಕಪ್ಪು ಎರೆಮಣ್ಣು ಹೊದ್ದ ಕಡೆ ನೀರು ನಿಲ್ಲುತ್ತದೆಯೇ ಹೊರತು ಇಂಗುವುದು ಕಡಿಮೆ, ಆದ್ದರಿಂದ ಕೆಂಪು ಕಲ್ಲು ಮೇಲೆದ್ದಿರುವ ಜಾಗವನ್ನೇ ಆರಿಸಿ.

ಕಾನೂನಿನ ಬಲವೂ ಸ್ವಲ್ಪವಿದೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ರಾಜ್ಯವು 1999ರಲ್ಲಿ ಮಾಡಿದ ಅಂತರ್ಜಲ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ಅಥವಾ ಬೋರ್ ತೋಡುವಂತಿಲ್ಲ. ನಿಮ್ಮ ಝರಿಯನ್ನು ಅಂಥ ಮೂಲವೆಂದು ದಾಖಲಿಸಬೇಕೆಂದು ಪಂಚಾಯಿತಿಯಿಂದ ಠರಾವು ಮಾಡಿಸಿ ತಹಶೀಲ್ದಾರರಿಗೆ ಕಳಿಸಿ. ಠರಾವು ಮಾಡುವ ಉತ್ಸಾಹ ನಿಮ್ಮೂರಿನಲ್ಲಿ ಹೇಗೂ ಇದೆ.

ಒಂದು ಎಚ್ಚರಿಕೆ ಇತರ ಓದುಗರಿಗೆ. ಸೇಡಂ, ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ನೀರು ಬಿರುಕು, ಪೊಟರೆಗಳ ಮೂಲಕ ದೂರದಿಂದ ಬರಬಹುದು. ಯಾದಗಿರಿ, ಶಹಾಪುರದ ಗ್ರಾನೈಟ್ ಬಂಡೆಯಲ್ಲಿ ಬಿರುಕೇ ದಾರಿ. ಅಲ್ಲಿಯವರು ಈ ಉತ್ತರವನ್ನು ಹಾಗೆಯೇ ಎತ್ತಿಕೊಳ್ಳದೆ ಅಂತರ್ಜಲ ಇಲಾಖೆಯ ಭೂವಿಜ್ಞಾನಿಯನ್ನು ಕರೆಸಿ ತೋರಿಸಬೇಕು.

ಟೈಲ್ಸಿನ ಬಗ್ಗೆ: ಕುಂಡದ ತಳಕ್ಕೂ ನೀರು ಒಸರುವ ಗೋಡೆಗೂ ಸಿಮೆಂಟು ತಾಗಿಸಬೇಡಿ, ಒಸರುವ ಕಣ್ಣುಗಳು ಮುಚ್ಚಿಹೋಗುತ್ತವೆ. ಹೂಳನ್ನು ಬುಟ್ಟಿಯಲ್ಲಿ ಕೈಯಿಂದಲೇ ಎತ್ತಿಸಿ. ಮೆಟ್ಟಿಲುಗಳಿಗೆ ಬೇಕಿದ್ದರೆ ಕಲ್ಲು ಹಾಸಿ. ಬಟ್ಟೆ ಒಗೆಯುವ ಕಟ್ಟೆಯನ್ನು ಝರಿಯಿಂದ ಕೆಳಕ್ಕೆ ಸರಿಸಿ. ಕೆಂಪು ಕಲ್ಲು ಮಳೆಯನ್ನು ಎಷ್ಟು ಬೇಗ ಒಳಗೆ ಬಿಡುತ್ತದೆಯೋ ಪಾಯಖಾನೆ ಗುಂಡಿಯ ನೀರನ್ನೂ ಅಷ್ಟೇ ಬೇಗ ಬಿಡುತ್ತದೆ. ಹೀಗಾಗಿ ತೀರ್ಥವೆಂದು ಕೊಡುವ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ, ರೋಗಾಣು ಮತ್ತು ನೈಟ್ರೇಟ್ (ಇಂಥ ಹೊಲಸಿನಿಂದ ನೀರಿಗೆ ಸೇರುವ ಲವಣ) ಎರಡನ್ನೂ ನೋಡಲು ಹೇಳಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ವರದಿ ಬರುವವರೆಗೆ ಹಸುಗೂಸುಗಳಿಗೆ ಆ ನೀರು ಕುಡಿಸಬೇಡಿರೆಂದು ಗುಡಿಯ ಬಾಗಿಲಲ್ಲಿ ಬರೆಸಿ ಹಾಕಿ.

— ಸಂಪಾದಕ